ಅತ್ತೆಯ ಮಲ್ಲಿಗೆಗೆ ನೀರು ನಿಲ್ಲಿಸಿದ ವರ್ಷ

ಹೂವಿನ ಗಿಡಕ್ಕೆ ನೀರು ಹಾಕಬೇಡಿ ಎಂದು ಹೇಳಿ ಇಡೀ ಮನೆಯನ್ನೇ ಎದುರು ಹಾಕಿಕೊಂಡ ಸೊಸೆ ನಾನು. ಈಗ ನೆನೆದರೆ ನಗು ಬರುತ್ತದೆ. ಆಗ ನಗುವ ಹಾಗಿರಲಿಲ್ಲ, ಎಪ್ಪತ್ತರ ದಶಕದ ಮಧ್ಯದಲ್ಲಿ ಹೊಸದಾಗಿ ಮದುವೆಯಾಗಿ ಬಂದ ಹುಡುಗಿ ಮಾವನ ಎದುರು ನಿಂತು ಮಾತಾಡುವುದೇ ದೊಡ್ಡದು. ನಾನು ಮಾತಾಡಿದ್ದಲ್ಲದೆ ಜಗಳವನ್ನೂ ಮಾಡಿದೆ.

ನನ್ನ ತವರು ಅಮೃತಾಪುರದ ಹತ್ತಿರ. ಅಪ್ಪನಿಗೆ ಅರ್ಧ ಎಕರೆ ದುಂಡುಮಲ್ಲಿಗೆ ಇತ್ತು. ಕತ್ತಲು ಹರಿಯುವ ಮೊದಲೇ ಮೊಗ್ಗು ಬಿಡಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ತರೀಕೆರೆಯ ಮೊದಲ ಬಸ್ಸಿಗೆ ಹಾಕಬೇಕು. ಬಸ್ಸು ತಪ್ಪಿದರೆ ಅಷ್ಟೂ ಮೊಗ್ಗು ಮನೆಯಲ್ಲೇ ಅರಳಿ ಕೂರುತ್ತಿತ್ತು. ಊರಿನ ಹೆಣ್ಣುಮಕ್ಕಳಿಗೆಲ್ಲ ಅವತ್ತು ಪುಕ್ಕಟೆ ಹೂ, ನಮ್ಮಪ್ಪನ ಮುಖ ಮಾತ್ರ ಊದಿರುತ್ತಿತ್ತು. ಹೀಗೆ ಬೆಳೆದವಳಿಗೆ ಮಲ್ಲಿಗೆಯ ವಿಷಯದಲ್ಲಿ ಯಾರೂ ಪಾಠ ಹೇಳಬೇಕಾಗಿರಲಿಲ್ಲ. ಅಡುಗೆಯಲ್ಲಿ ಹೇಳಬಹುದಿತ್ತು, ಅದನ್ನು ಒಪ್ಪುತ್ತೇನೆ. ನನ್ನ ಸಾರಿಗೆ ಇವತ್ತಿಗೂ ಹೆಸರಿಲ್ಲ.

ಕೊಟ್ಟ ಮನೆ ಅಜ್ಜಂಪುರದಲ್ಲಿ. ಈರುಳ್ಳಿ ವ್ಯಾಪಾರದ ಮನೆ. ಮನೆಯಲ್ಲಿ ಇದ್ದದ್ದು ಇಬ್ಬರೇ, ಮಾವ ಮತ್ತು ನಮ್ಮನೆಯವರು. ಅತ್ತೆ ತೀರಿಕೊಂಡು ಐದು ವರ್ಷವಾಗಿತ್ತು, ಅವರನ್ನು ನಾನು ನೋಡಿದ್ದು ಫೋಟೋದಲ್ಲಿ ಮಾತ್ರ. ಅವರು ನೆಟ್ಟ ಒಂದು ಮಲ್ಲಿಗೆ ಗಿಡ ಬಚ್ಚಲ ಮನೆಯ ಪಕ್ಕ, ಕಾಂಪೌಂಡಿನ ಗೋಡೆಗೆ ಒರಗಿಕೊಂಡು ಇತ್ತು. ಮೊದಲ ದಿನ ಅದನ್ನು ನೋಡಿದವಳೇ ಅಯ್ಯೋ ಪಾಪ ಅಂದೆ. ಒಂದೊಂದು ಕಡ್ಡಿ ಒಂದೂವರೆ ಆಳು ಉದ್ದ, ಪೊರಕೆ ಕಡ್ಡಿಯಷ್ಟು ಸಣ್ಣ. ತನ್ನ ತಲೆಯನ್ನು ತಾನೇ ಹೊರಲಾರದೆ ಎಲ್ಲವೂ ಗೋಡೆಯ ಮೇಲೆ ಬಿದ್ದುಕೊಂಡಿದ್ದವು. ಎಲೆಯೋ ಎಲೆ, ಹಸುರೋ ಹಸುರು. ಹೂವಿನ ಮಾತು ಕೇಳಬೇಡಿ.

ಮಾವ ಬೆಳಿಗ್ಗೆ ಎದ್ದು ಸ್ನಾನ ಮುಗಿಸಿ ಲಿಂಗಪೂಜೆಗೆ ಕೂತರೆ ಒಂದು ಗಂಟೆ ಮಾತಿಲ್ಲ. ಪೂಜೆ ಮಾಡಿದ ನೀರನ್ನು, ಇಳಿಸಿದ ಪತ್ರೆ ಹೂವನ್ನು ತುಳಿದಾಡುವ ಜಾಗದಲ್ಲಿ ಚೆಲ್ಲುವಂತಿಲ್ಲ, ಯಾವುದಾದರೂ ಗಿಡದ ಬುಡಕ್ಕೇ ಹಾಕಬೇಕು. ನಮ್ಮ ಮನೆಯಲ್ಲಿ ಆ ಗಿಡ ಅತ್ತೆಯ ಮಲ್ಲಿಗೆ. ಪೂಜೆಯ ನೀರಿನ ಜೊತೆಗೆ ಇನ್ನೂ ಎರಡು ಚೊಂಬು ತುಂಬಿ ತಂದು, ಒಂದು ತೊಟ್ಟೂ ಆಚೆ ಬೀಳದ ಹಾಗೆ ಬುಡಕ್ಕೆ ಸುರಿದು, ಸ್ವಲ್ಪ ಹೊತ್ತು ನಿಂತು ಬರುತ್ತಿದ್ದರು. ಮಳೆ ಬಂದ ದಿನವೂ ತಪ್ಪುತ್ತಿರಲಿಲ್ಲ. ಕೊಡೆ ಹಿಡಿದುಕೊಂಡು ಗಿಡಕ್ಕೆ ನೀರು ಹಾಕುವ ಮನುಷ್ಯನನ್ನು ನಾನು ಅದೇ ಮೊದಲು ನೋಡಿದ್ದು.

ಮದುವೆಯಾಗಿ ಎರಡು ತಿಂಗಳಿಗೆ ಯುಗಾದಿ ಬಂತು. ಯುಗಾದಿ ಕಳೆದ ಮೂರನೇ ಸೋಮವಾರ ಅತ್ತೆಯ ವರ್ಷದ ಸ್ಮರಣೆ. ನಮ್ಮಲ್ಲಿ ಸುಡುವುದಿಲ್ಲ, ಮಣ್ಣು ಮಾಡುತ್ತೇವೆ. ಅತ್ತೆಯ ಗದ್ದುಗೆ ನಮ್ಮ ಹೊಲದ ಬದುವಿನಲ್ಲಿ ಬೇವಿನ ಮರದ ಕೆಳಗಿದೆ. ಅವತ್ತು ಅವರ ಗಿಡದ ಹೂವನ್ನೇ ಅವರ ಗದ್ದುಗೆಗೆ ಇಡಬೇಕು ಎನ್ನುವುದು ಮಾವ ತಾವೇ ಮಾಡಿಕೊಂಡಿದ್ದ ನೇಮ. ಅವತ್ತು ಬೆಳಿಗ್ಗೆ ಅವರು ಏಣಿ ಹಾಕಿ, ಗೋಡೆಯ ಆಚೆಗೂ ಬಗ್ಗಿ, ಎಲೆ ಎಲೆ ಸರಿಸಿ ಹುಡುಕಿದರು. ಏಳು ಹೂ ಸಿಕ್ಕಿತು. ಏಳೇ ಏಳು. ಮುತ್ತುಗದ ಎಲೆಯಲ್ಲಿ ಅವನ್ನು ಇಟ್ಟುಕೊಂಡು ಹೊರಟರು. ಅರವತ್ತು ದಾಟಿದ ಆಜಾನುಬಾಹು, ಆ ಏಳು ಹೂವನ್ನು ಎರಡು ಕೈಯಲ್ಲಿ ಹಿಡಿದು ನಡೆಯುತ್ತಿದ್ದರು.

ಹೊಲದಿಂದ ಬಂದವರು ಜಗಲಿ ಮೇಲೆ ಕೂತು ಹೇಳಿದರು, "ಹೋದ್ವರ್ಷ ಹದಿನೈದಾದ್ರೂ ಇತ್ತು. ವರ್ಷ ವರ್ಷಕ್ಕೂ ಕಮ್ಮಿ ಮಾಡ್ತಾ ಇದಾಳೆ. ಅವಳಿಗೆ ನನ್ ಮೇಲೆ ಸಿಟ್ಟು ಇನ್ನೂ ಹೋಗಿಲ್ಲ ಕಣಮ್ಮ."

ನಮ್ಮನೆಯವರು ಒಳಗಿನಿಂದಲೇ, "ಸತ್ತೋರು ಸಿಟ್ಟು ಮಾಡ್ಕೊಂಡು ಕೂತಿರ್ತಾರಾ? ಗಿಡಕ್ಕೆ ವಯಸ್ಸಾಯ್ತು ಬಿಡಪ್ಪ. ಕಿತ್ತಾಕಿ ಒಂದು ನಿಂಬೆ ಗಿಡ ಹಾಕಣ," ಎಂದು ನಕ್ಕರು. ಅವರು ಹಾಗೇ. ಯಾವುದಕ್ಕೂ ಒಂದು ನಗು, ಒಂದು ಕೊಂಕು. ಅವತ್ತು ಹೊಲಕ್ಕೂ ಬಂದಿರಲಿಲ್ಲ, ಲಾರಿಗೆ ಈರುಳ್ಳಿ ಮೂಟೆ ತುಂಬಿಸಬೇಕು ಎಂದು ಮಂಡಿಗೆ ಹೋಗಿ ಆಗಷ್ಟೇ ಬಂದಿದ್ದರು. ಮಣ್ಣು ಮಾಡಿದ ದಿನ ಬಿಟ್ಟರೆ ಮಗ ಗದ್ದುಗೆಯ ಕಡೆ ತಲೆ ಹಾಕಿಲ್ಲ ಎಂದು ಎದುರು ಮನೆಯ ದೊಡ್ಡವ್ವ ನನ್ನ ಕಿವಿಯಲ್ಲಿ ಆಗಲೇ ಹೇಳಿದ್ದರು. ನನಗೆ ಆ ಮನುಷ್ಯನ ಮೇಲೆ ಒಳಗೊಳಗೇ ಕೋಪ.

ಗಿಡಕ್ಕೆ ವಯಸ್ಸಾಗಿರಲಿಲ್ಲ. ಅದನ್ನು ಸವರುವವರು ಇರಲಿಲ್ಲ, ಅಷ್ಟೇ. ಮಲ್ಲಿಗೆ ಹೂ ಬಿಡುವುದು ಹೊಸ ಚಿಗುರಿನ ತುದಿಯಲ್ಲಿ. ವರ್ಷಕ್ಕೊಮ್ಮೆ ಕತ್ತರಿಸಿದರೆ ಬುಡದಿಂದ ಗಟ್ಟಿ ಕಡ್ಡಿ ಬರುತ್ತದೆ, ಹೊಸ ಚಿಗುರು ಬರುತ್ತದೆ, ಹೂ ತುಂಬುತ್ತದೆ. ಕತ್ತರಿಸುವುದಕ್ಕೆ ಮೊದಲು ತಿಂಗಳೊಪ್ಪತ್ತು ನೀರು ನಿಲ್ಲಿಸಿ ಒಣಗಿಸಬೇಕು. ಗಿಡ ಸೊರಗಿ ಎಲೆ ಉದುರಿಸಬೇಕು. ಹೊಟ್ಟೆ ತುಂಬಿದ ಗಿಡ ಎಲೆ ಹಾಕಿಕೊಂಡು ಮಲಗುತ್ತದೆಯೇ ಹೊರತು ಹೂವಿನ ಯೋಚನೆಯನ್ನೇ ಮಾಡುವುದಿಲ್ಲ.

ಕಾರ್ತಿಕದ ಕೊನೆಯ ಸೋಮವಾರ ಕಳೆದ ಮೇಲೆ ಧೈರ್ಯ ಮಾಡಿ ಮಾವನಿಗೆ ಹೇಳಿದೆ, "ಮಾವ, ಇವತ್ತಿಂದ ಸಂಕ್ರಾಂತಿ ತನಕ ಮಲ್ಲಿಗೆಗೆ ನೀರು ಬೇಡ. ಆಮೇಲೆ ನಾನು ಸವರ್ತೀನಿ. ಮುಂದಿನ ಸ್ಮರಣೆಗೆ ಬುಟ್ಟಿ ತುಂಬಾ ಹೂ ಕೊಡ್ಲಿಲ್ಲ ಅಂದ್ರೆ ಕೇಳಿ."

ಅವರ ಮುಖ ಬಿಳಿಚಿಕೊಂಡಿತು. "ಎಲ್ಲಾ ಮಾಡಮ್ಮ, ಆ ಗಿಡಕ್ಕೆ ನೀರು ಹಾಕ್ಬೇಡಿ ಅಂತ ಮಾತ್ರ ನನ್ ಕೈಲಿ ಹೇಳಿಸ್ಬೇಡ," ಎಂದರು. ನಾನು ಬಿಡದೆ ಏಕೆ ಎಂದು ಕೇಳಿದೆ. ಬೇಡದ ಮಾತು ಕೇಳುವುದರಲ್ಲಿ ನಾನು ಮುಂದು. ಆಗ ಹೇಳಿದರು. ಅತ್ತೆ ತೀರಿಕೊಂಡ ವರ್ಷ ಬೇಸಿಗೆಯಲ್ಲಿ ಹಿತ್ತಲ ಬಾವಿ ತಳ ಕಂಡಿತ್ತಂತೆ. ಅಂಥದ್ದರಲ್ಲಿ ಅತ್ತೆ ಒಂದು ಕೊಡ ನೀರು ಸೇದಿ ಮಲ್ಲಿಗೆಗೆ ಹಾಕುತ್ತಿದ್ದರು. ಮಂಡಿಯಿಂದ ಬಿಸಿಲಲ್ಲಿ ಬಂದ ಮಾವನಿಗೆ ರೇಗಿಹೋಯಿತು. "ಕುಡಿಯಕ್ಕೆ ನೀರಿಲ್ಲ, ಇವಳಿಗೆ ಹೂವಿನ ಶೋಕಿ," ಅಂದುಬಿಟ್ಟರು. ಅತ್ತೆ ಮಾತಿಲ್ಲದೆ ಅರ್ಧ ಕೊಡ ನೀರನ್ನು ಮತ್ತೆ ಅಡುಗೆಮನೆಗೆ ತಂದು ಇಟ್ಟರು. ಅದಾಗಿ ಒಂಬತ್ತನೇ ದಿನ ಎದೆನೋವು ಬಂದು, ಡಾಕ್ಟರು ಬರುವುದರೊಳಗೆ ಎಲ್ಲಾ ಮುಗಿದಿತ್ತು.

"ಆ ಅರ್ಧ ಕೊಡ ಇನ್ನೂ ನನ್ ಕಣ್ಮುಂದೆ ಐತೆ," ಎಂದರು ಮಾವ.

ಆದರೆ ಏಳು ಹೂವಿನ ನೆನಪು ಸುಮ್ಮನಿರಲು ಬಿಡಲಿಲ್ಲ. ಮುಂದಿನ ವರ್ಷ ಮೂರು ಹೂ ಸಿಕ್ಕರೆ? ಒಂದೂ ಸಿಗದಿದ್ದರೆ? ಹೆಂಡತಿ ಪೂರ್ತಿ ಮುಖ ತಿರುಗಿಸಿಬಿಟ್ಟಳು ಅಂದುಕೊಂಡು ಈ ಮನುಷ್ಯ ಹೇಗೆ ಬದುಕುತ್ತಾರೆ? ಸಂಜೆ ಎದುರು ಮನೆಯ ದೊಡ್ಡವ್ವನನ್ನು ಕರೆತಂದು ಮಾವನ ಮುಂದೆ ಕೂರಿಸಿದೆ. ಅತ್ತೆಯ ಜೀವದ ಗೆಳತಿ ಆಕೆ, ಊರೊಳಗೆ ನನ್ನಷ್ಟೇ ಬಾಯಿ ಇದ್ದ ಇನ್ನೊಬ್ಬ ಹೆಂಗಸು.

"ದೊಡ್ಡವ್ವ, ನಮ್ಮತ್ತೆ ಈ ಗಿಡ ಸವರ್ತಿದ್ರಾ ಇಲ್ವಾ?"

"ಸವರ್ದೆ? ಸಂಕ್ರಾಂತಿ ಕಳೀತಿದ್ದಂಗೆ ಬೋಳು ಹೊಡಿಯೋಳು. ಅದಕ್ಕೆ ಮುಂಚೆ ತಿಂಗ್ಳುಗಟ್ಲೆ ಒಂದ್ ತೊಟ್ಟು ನೀರು ಕೊಡ್ತಿರ್ಲಿಲ್ಲ. ನಾನೇ ಬೈತಿದ್ದೆ, ಪಾಪ ಕಣೇ ಅಂತ. ಚಿಗುರು ಬಂದ್ಮೇಲೆ ನೋಡು, ಮಗೀಗೆ ಹಾಲು ಕೊಟ್ಟಂಗೆ ನೀರು ಹಾಕೋಳು. ಯಾಕೆ, ಯಜಮಾನ್ರು ನೋಡಿಲ್ವಾ?"

ಯಜಮಾನರು ನೋಡಿರಲಿಲ್ಲ. ಮೂವತ್ತು ವರ್ಷ ಸಂಸಾರ ಮಾಡಿದ ಮನುಷ್ಯನಿಗೆ ಗಿಡದಲ್ಲಿ ಹೂವಿದ್ದದ್ದು ಕಂಡಿದೆ, ಹೆಂಡತಿಯ ಕೈಯಲ್ಲಿ ಕತ್ತರಿ ಇದ್ದದ್ದು ಕಂಡಿಲ್ಲ. ಗಂಡಸರ ಕಣ್ಣೇ ಹೀಗೆ, ಏನು ಹೇಳೋಣ! "ಅವಳು ಮಾಡ್ತಿದ್ದಂಗೇ ಮಾಡಮ್ಮ," ಎಂದರು ಮಾವ. ಮಾರನೇ ದಿನದಿಂದ ಪೂಜೆಯ ನೀರು ಹಿತ್ತಲ ಪತ್ರೆ ಮರಕ್ಕೆ ಹೋಯಿತು. ಹೋಗುವಾಗ ಮಲ್ಲಿಗೆಯ ಮುಂದೆ ಒಂದು ಕ್ಷಣ ನಿಂತು, ಚೊಂಬನ್ನು ಪಂಚೆಯ ಮರೆಗೆ ಹಿಡಿದುಕೊಂಡು ಸರಿದು ಹೋಗುತ್ತಿದ್ದರು.

ಒಂದು ವಾರ ಕಳೆಯಿತು, ಎರಡು ವಾರ ಕಳೆಯಿತು. ಗಿಡ ಒಣಗಲೊಲ್ಲದು. ಒಂದು ಎಲೆಯಾದರೂ ಹಳದಿಯಾಗಬೇಡವೇ? ಅನುಮಾನ ಬಂದು ಬುಡಕ್ಕೆ ಬೆರಳು ಹಾಕಿ ನೋಡಿದೆ. ಮಣ್ಣು ತಂಪಾಗಿ, ಅಂಟಂಟಾಗಿ, ಈಗಷ್ಟೇ ನೀರು ಕುಡಿದ ಹಾಗಿತ್ತು. ನನಗೆ ಸಿಟ್ಟು ನೆತ್ತಿಗೇರಿತು. ಮಾವ ರೊಟ್ಟಿ ತಿನ್ನುತ್ತಾ ಕೂತಿದ್ದರು, ನಮ್ಮನೆಯವರೂ ಪಕ್ಕದಲ್ಲಿದ್ದರು. ಮಣ್ಣು ಮೆತ್ತಿದ ಬೆರಳನ್ನು ಮುಂದೆ ಹಿಡಿದು, "ಮಾವ, ಮಾತು ಕೊಟ್ಟು ಹಿಂಗೆ ಕದ್ದು ನೀರು ಹಾಕಿದ್ರೆ ನಾನೇನು ಮಾಡ್ಲಿ? ಆಗಲ್ಲ ಅಂದಿದ್ರೆ ಬಿಟ್ಬಿಡ್ತಿದ್ದೆ. ಚಿಕ್ಕ ಮಕ್ಕಳ ಆಟ ಆಯ್ತಲ್ಲ ಇದು!" ಎಂದುಬಿಟ್ಟೆ.

ಮಾವ ತಲೆ ಎತ್ತಿ ಒಮ್ಮೆ ನನ್ನನ್ನು ನೋಡಿದರು, ಒಮ್ಮೆ ಮಗನನ್ನು ನೋಡಿದರು. "ಆಯ್ತಮ್ಮ, ತಪ್ಪಾಯ್ತು," ಎಂದು ಅರ್ಧ ರೊಟ್ಟಿ ಬಿಟ್ಟು ಕೈ ತೊಳೆದರು. ನಮ್ಮನೆಯವರು ತಟ್ಟೆಯಿಂದ ತಲೆ ಎತ್ತಲಿಲ್ಲ. ಅವತ್ತು ಕೊಂಕೂ ಇಲ್ಲ, ನಗುವೂ ಇಲ್ಲ. ಅದು ನನಗೆ ಹೊಳೆಯಬೇಕಿತ್ತು. ಸಿಟ್ಟಿನಲ್ಲಿದ್ದವಳಿಗೆ ಎಲ್ಲಿ ಹೊಳೆಯುತ್ತದೆ?

ಮಾರನೇ ದಿನ ಬೆಳಿಗ್ಗೆ ಬೇಗ ಎದ್ದು ಬಚ್ಚಲ ಒಲೆಗೆ ಉರಿ ಹಾಕುತ್ತಿದ್ದೆ. ಮಾವ ಒಳಗೆ ಪೂಜೆಗೆ ಕೂತಿದ್ದರು, ಮಂತ್ರದ ದನಿ ಕೇಳುತ್ತಿತ್ತು. ಗೋಡೆಯ ಆಚೆ ನೀರು ಸುರಿದ ಸದ್ದಾಯಿತು. ಬಗ್ಗಿ ನೋಡಿದರೆ, ಮಂಡಿಗೆ ಹೊರಟ ಬಟ್ಟೆಯಲ್ಲೇ ನಮ್ಮನೆಯವರು ಚೊಂಬು ಹಿಡಿದು ಮಲ್ಲಿಗೆಯ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದಾರೆ!

"ಏನ್ರೀ ಇದು?"

"ಕೈ ತೊಳ್ಕೊತಿದ್ದೆ," ಎಂದರು.

"ಗಿಡದ ಬುಡದಲ್ಲಾ?"

ಚೊಂಬನ್ನು ನೆಲಕ್ಕಿಟ್ಟರು. ಆಮೇಲೆ ನನ್ನ ಮುಖ ನೋಡದೆ ಹೇಳಿದರು, "ಅವ್ವ ಹೋದಾಗಿಂದ ದಿನಾ ಹಾಕ್ತೀನಿ ಕಣೇ. ಅಪ್ಪಂಗೆ ಗೊತ್ತಿಲ್ಲ. ಈಗ ಅಪ್ಪನೂ ನಿಲ್ಸಿದ್ರು. ನಾನೂ ನಿಲ್ಸಿದ್ರೆ ಅವ್ವಂಗೆ ಇನ್ಯಾರು ಹಾಕ್ತಾರೆ?"

ನಿಂಬೆ ಗಿಡ ಹಾಕೋಣ ಅಂದ ಮನುಷ್ಯ! ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಐದು ವರ್ಷದಿಂದ ಅಪ್ಪ ಒಂದು ಸಲ, ಅಪ್ಪನಿಗೆ ಕಾಣದ ಹಾಗೆ ಮಗ ಒಂದು ಸಲ. ಸಾಲದೆಂಬಂತೆ, ಆಮೇಲೆ ವಿಚಾರಿಸಿದರೆ ದೊಡ್ಡವ್ವನೂ ಬಂದಾಗಲೆಲ್ಲ, "ಗೆಳತಿ ಗಿಡ ಅಲ್ವೇನೇ," ಎಂದು ಒಂದು ತಂಬಿಗೆ ಹಾಕಿ ಹೋಗುತ್ತಿದ್ದರಂತೆ. ಎಲ್ಲರೂ ಸೇರಿ ಪ್ರೀತಿಯಿಂದ ಆ ಗಿಡವನ್ನು ಮುಳುಗಿಸಿದ್ದರು. ಹೂ ಎಲ್ಲಿಂದ ಬರಬೇಕು?

ಮಾವನ ಪೂಜೆ ಮುಗಿಯುವುದನ್ನೇ ಕಾದು, ಹೋಗಿ ಕಾಲಿಗೆ ಬಿದ್ದೆ. "ನೀವಲ್ಲ ಅಂತ ಗೊತ್ತಾಯ್ತು ಮಾವ. ನಿನ್ನೆ ನನ್ನ ಬಾಯಿಗೆ ಬೆಂಕಿ ಬಿದ್ದಿತ್ತು, ಕ್ಷಮಿಸಿಬಿಡಿ."

"ಏಳಮ್ಮ. ಅವನೇ ಅಂತ ನಂಗೆ ನಿನ್ನೇನೇ ಗೊತ್ತಾಯ್ತು, ಮುಖದ ಮೇಲೇ ಬರ್ದಿತ್ತು."

"ಮತ್ತೆ ತಪ್ಪಾಯ್ತು ಅಂತ ನೀವ್ಯಾಕೆ ಅಂದ್ರಿ?"

"ಅವರವ್ವ ಸತ್ತಾಗ ಒಂದ್ ಹನಿ ಕಣ್ಣೀರು ಹಾಕ್ಲಿಲ್ಲ ಕಣಮ್ಮ ಅವ್ನು. ಕಲ್ಲಿನಂಗೆ ನಿಂತಿದ್ದ. ಇವನಿಗೆ ತಾಯಿ ಬೇಡ್ವಾಗಿದ್ಲು ಅಂತ ಐದು ವರ್ಷ ಒಳಗೊಳಗೇ ಬೈಕೊಂಡಿದ್ದೆ. ನಿನ್ನೆ ಗೊತ್ತಾಯ್ತು. ಬೈಸ್ಕೊಂಡ್ರೆ ಬೈಸ್ಕೊಂಡೆ ಬಿಡು, ಅದೇನು ದೊಡ್ಡ ವಿಷ್ಯ," ಎಂದರು. ಅವರ ಮುಖದಲ್ಲಿ ಅಂಥ ಸಮಾಧಾನವನ್ನು ನಾನು ಆ ಮನೆಗೆ ಬಂದಮೇಲೆ ಮೊದಲ ಸಲ ನೋಡಿದ್ದು.

ಅಲ್ಲಿಂದ ಮುಂದೆ ಒಂದು ತೊಟ್ಟು ನೀರೂ ಬೀಳಲಿಲ್ಲ. ಗಿಡ ಹಳದಿಯಾಯಿತು, ಎಲೆ ಸುರಿಸಿತು. ಸಂಕ್ರಾಂತಿಯ ಮಾರನೇ ದಿನ, ತವರಿನಿಂದ ತರಿಸಿಕೊಂಡಿದ್ದ ಅಪ್ಪನ ದಪ್ಪ ಕತ್ತರಿ ಹಿಡಿದು ಇಳಿದೆ. ನಮ್ಮನೆಯವರು ಕಡೂರಿನಲ್ಲಿ ಕೆಲಸವಿದೆ ಎಂದು ಬೆಳಗಿನ ರೈಲಿಗೇ ಪರಾರಿ. ಮಾವ ಮಾತ್ರ ಮಣೆ ಹಾಕಿಕೊಂಡು ಎದುರಿಗೆ ಕೂತರು.

ಮೊದಲು ಒಣಗಿದ್ದು, ಪೊರಕೆ ಕಡ್ಡಿಯಂಥ ಸಣ್ಣದು, ಒಂದಕ್ಕೊಂದು ಉಜ್ಜಿಕೊಂಡಿದ್ದು, ಎಲ್ಲಾ ತೆಗೆದೆ. ಹೆಬ್ಬೆರಳ ದಪ್ಪದ ಏಳೆಂಟು ಕಾಂಡಗಳನ್ನು ಮಾತ್ರ ಉಳಿಸಿಕೊಂಡು, ಅವನ್ನು ಮಂಡಿಯೆತ್ತರಕ್ಕೆ, ಹೊರಗೆ ಮುಖ ಮಾಡಿದ, ಚಿಗುರು ಒಡೆಯುವ ಕಣ್ಣಿನ ಮೇಲೆ ಓರೆಯಾಗಿ ಕತ್ತರಿಸಿದೆ. ತೀರಾ ನೆಲಕ್ಕೆ ಹತ್ತಿಸಿ ಕತ್ತರಿಸಬಾರದು, ಆಗ ಮತ್ತೆ ಉದ್ದುದ್ದ ಬಳುಕುವ ಕಡ್ಡಿಯೇ ಬರುತ್ತದೆ. ಹಳೆಯ ಗಟ್ಟಿ ಕಾಂಡ ಇಷ್ಟಾದರೂ ಇದ್ದರೆ ಹೊಸ ಚಿಗುರಿಗೆ ಆಧಾರ. ಒಂದೊಂದು ಕತ್ತರಿಗೂ ಮಾವ ಹಲ್ಲು ಕಚ್ಚುತ್ತಿದ್ದರು. ಕತ್ತರಿಸಿದ ತುದಿಗೆ ಸಗಣಿ ಮೆತ್ತುವುದು ನಮ್ಮಪ್ಪನ ಪದ್ಧತಿ. ಸಗಣಿ ಕಲಸಿಕೊಂಡು ಬರುವಷ್ಟರಲ್ಲಿ ನೋಡುತ್ತೇನೆ, ಮಾವ ದೇವರ ಕೋಣೆಯಿಂದ ವಿಭೂತಿ ಗಟ್ಟಿ ತಂದು, ನೀರಲ್ಲಿ ತೇಯ್ದು, ಒಂದೊಂದೇ ತುದಿಗೆ ಬೆರಳಿನಿಂದ ಹಚ್ಚುತ್ತಿದ್ದಾರೆ.

"ಗಾಯ ಅಲ್ವೇನಮ್ಮ," ಎಂದರು. ನಾನು ಸಗಣಿಯನ್ನು ತೆಂಗಿನ ಬುಡಕ್ಕೆ ಹಾಕಿದೆ.

ಸಂಜೆ ಕಡೂರಿನಿಂದ ಬಂದ ನಮ್ಮನೆಯವರು ಗಿಡ ನೋಡಿ, "ಏನೇ ಇದು, ಯಗಟಿ ಕಡೆ ಕುರಿ ಮಂದೆ ನುಗ್ಗಿತ್ತಾ?" ಎಂದರು. ನಗುವುದಕ್ಕೆ ನೋಡಿದರು, ನಗು ಬರಲಿಲ್ಲ. ಊಟವನ್ನೂ ಸರಿಯಾಗಿ ಮಾಡಲಿಲ್ಲ.

ಬುಡ ಬಿಡಿಸಿ, ನಾಲ್ಕು ದಿನ ಬಿಸಿಲು ಕಾಣಿಸಿ, ಹಳೆಯ ತಿಪ್ಪೆ ಗೊಬ್ಬರ ತುಂಬಿ ಮೊದಲ ನೀರು ಹಾಕಿದ್ದು ನಾನು. ಆಮೇಲೆ ಸರದಿ ಮಾಡಿದೆ. ಸೋಮವಾರ ಮಾವ, ಗುರುವಾರ ಮಗ. ಉಳಿದ ದಿನ ಯಾರಾದರೂ ಚೊಂಬು ಹಿಡಿದು ಅತ್ತ ಹೋದರೆ ನನ್ನ ಕೈಲಿ ಬೈಗುಳ. ಹದಿನೈದು ದಿನಕ್ಕೆ ಕಣ್ಣು ಒಡೆಯಿತು. ಶಿವರಾತ್ರಿಯ ಹೊತ್ತಿಗೆ ಗೇಣುದ್ದದ ಚಿಗುರುಗಳು ಬೆಂಬಲವಿಲ್ಲದೆ ನೆಟ್ಟಗೆ ನಿಂತವು. ಅಪ್ಪ ಮಗ ಇಬ್ಬರೂ ಈಗ ಬಚ್ಚಿಟ್ಟುಕೊಳ್ಳದೆ ಒಟ್ಟಿಗೇ ನಿಂತು ನೋಡುತ್ತಿದ್ದರು.

ಯುಗಾದಿ ಬಂತು, ಮೊಗ್ಗಿಲ್ಲ. ಬುಟ್ಟಿ ತುಂಬಾ ಕೊಡುತ್ತೇನೆ ಎಂದು ಬಾಯಿ ಬಡಿದುಕೊಂಡವಳು ನಾನೇ ಅಲ್ಲವೇ? ಈ ಸಲ ಏಳು ಹೂವೂ ಇಲ್ಲದೆ ಮಾವ ಬರಿಗೈಯಲ್ಲಿ ಹೊಲಕ್ಕೆ ಹೋಗುವಂತಾದರೆ ನನ್ನ ಕತ್ತರಿಯನ್ನು ನಾನೇ ಬಾವಿಗೆ ಎಸೆಯಬೇಕು. ಯುಗಾದಿ ಕಳೆದು ಒಂದು ವಾರಕ್ಕೆ ಚಿಗುರಿನ ತುದಿಯಲ್ಲಿ ಅಕ್ಕಿ ಕಾಳಿನಂಥವು ಕಂಡವು, ಹಸುರು ಹಸುರು. ಮೂರನೇ ಸೋಮವಾರಕ್ಕೆ ಬಲಿಯುತ್ತವೋ ಇಲ್ಲವೋ? ದಿನಕ್ಕೆ ಹತ್ತು ಸಲ ಹೋಗಿ ನೋಡುತ್ತಿದ್ದೆ.

ಆ ಸೋಮವಾರ ಬೆಳಕು ಹರಿಯುವಾಗ ಬಾಗಿಲು ತೆಗೆದರೆ ವಾಸನೆ ಹಜಾರಕ್ಕೇ ಬಂದಿತ್ತು. ಕೆಲವು ಆಗಲೇ ಅರಳಿದ್ದವು, ಮಿಕ್ಕವು ಬೆಳ್ಳಗೆ ದುಂಡಗೆ ಬಿರಿಯಲು ಸಿದ್ಧವಾಗಿದ್ದವು. ಏಣಿ ಬೇಕಾಗಲಿಲ್ಲ, ಎಲ್ಲವೂ ಕೈಗೆಟುಕುವ ಎತ್ತರ. ಮಾವ ಬಿಡಿಸಿದರು, ನಾನು ಬಿಡಿಸಿದೆ, ದೊಡ್ಡವ್ವ ಸೆರಗಿನಲ್ಲಿ ತುಂಬಿಕೊಂಡರು. ಬಿದಿರು ಬುಟ್ಟಿ ತುಂಬಿತು. ಎಷ್ಟು ಎಂದು ಯಾರೂ ಎಣಿಸಲಿಲ್ಲ. ಬುಟ್ಟಿ ನೋಡಿ ಮಾವ, "ಸಿಟ್ಟು ಬಿಟ್ಲು," ಎಂದರು. ಅಷ್ಟೇ ಅಂದದ್ದು.

ಹೊರಡುವಾಗ ನಮ್ಮನೆಯವರು ಬಾಗಿಲಲ್ಲಿ ನಿಂತಿದ್ದರು. "ಲಾರಿ ಇಲ್ವಾ ಇವತ್ತು?" ಎಂದೆ, ಬೇಕೆಂದೇ. "ಕಾಯ್ಲಿ ಬಿಡು," ಎಂದು ಪೂಜೆಗೆ ತುಂಬಿಸಿದ್ದ ಹಿತ್ತಾಳೆ ಚೊಂಬನ್ನು ತಾವೇ ಎತ್ತಿಕೊಂಡು ನಮ್ಮ ಹಿಂದೆ ಬಂದರು.

ಗದ್ದುಗೆಯನ್ನು ತೊಳೆದು, ವಿಭೂತಿ ಹಚ್ಚಿ, ಮಾವ ಬುಟ್ಟಿಯ ಹೂವನ್ನೆಲ್ಲ ಅದರ ಮೇಲೆ ಸುರಿದರು. ಕಲ್ಲು ಕಾಣದ ಹಾಗೆ ಹೂ ಮುಚ್ಚಿಕೊಂಡಿತು. ನಮ್ಮನೆಯವರು ಒಂದಿಷ್ಟು ದೂರ, ಬೇವಿನ ಮರಕ್ಕೆ ಒರಗಿ ನಿಂತಿದ್ದರು. ಅವರ ಕೈಯ ಚೊಂಬಿನಲ್ಲಿ ಅರ್ಧದಷ್ಟು ನೀರು ಇನ್ನೂ ಉಳಿದಿತ್ತು. ಎಲ್ಲ ಮುಗಿದ ಮೇಲೆ ನಿಧಾನವಾಗಿ ಹತ್ತಿರ ಬಂದು, ತಮಾಷೆಗೆ ಕೇಳುವವರ ಹಾಗೆ ನನ್ನನ್ನು ಕೇಳಿದರು, "ಇಲ್ಲಾದ್ರೂ ಹಾಕ್ಬಹುದೇನಮ್ಮ ನೀರು? ಇಲ್ಲೂ ಗುರುವಾರಾನೇ ಬರ್ಬೇಕಾ?"

ಎಲ್ಲದಕ್ಕೂ ಉತ್ತರ ಇಟ್ಟುಕೊಂಡವಳು ನಾನು. ಅವತ್ತು ಮಾತ್ರ "ಹಾಕ್ರಿ," ಎಂದೆ.

"ಎಷ್ಟು?"

"ಎಷ್ಟ್ ಬೇಕಾದ್ರೂ ಹಾಕಿ."

ಕೂತು, ಗದ್ದುಗೆಯ ಬುಡಕ್ಕೆ ನಿಧಾನವಾಗಿ ಸುರಿದರು. ಚೊಂಬು ಖಾಲಿಯಾದ ಮೇಲೂ ಅದನ್ನು ಬಗ್ಗಿಸಿಯೇ ಹಿಡಿದಿದ್ದರು. ಆಮೇಲೆ ಭುಜ ಅಲುಗಿತು. ಐದು ವರ್ಷ, ಆರನೆಯದೂ ತುಂಬಿತ್ತು, ಅಷ್ಟೂ ದಿನ ತಡೆದುಕೊಂಡಿದ್ದವರು ಆ ಬಿಸಿಲಲ್ಲಿ, ನಮ್ಮಿಬ್ಬರ ಮುಂದೆ, ಅವ್ವಾ ಅವ್ವಾ ಎಂದು ಅತ್ತರು. ನಾನು ಅವರ ಬೆನ್ನ ಮೇಲೆ ಕೈ ಇಟ್ಟುಕೊಂಡು ಕೂತೆ.

ಮಾವ ಮಗನ ಕೈಯಿಂದ ಖಾಲಿ ಚೊಂಬನ್ನು ಬಿಡಿಸಿಕೊಂಡು, ಇನ್ನೊಂದು ಚೊಂಬು ನೀರು ತರಲು ಪಕ್ಕದ ಹೊಲದ ಬಾವಿಯ ಕಡೆ ಹೊರಟರು.